ಕಾಂಕರ್ಡಿನ ಪಂಚಾಂಗಕರ್ತ ಥೋರೋ

ಅಮೆರಿಕದ ಹೆನ್ರಿ ಡೇವಿಡ್ ಥೋರೋವಿನ ಹೆಸರು ನಮ್ಮ ವಿದ್ಯಾರ್ಥಿಮಿತ್ರರಿಗೆ ಹೊಸದೇನೂ ಅಲ್ಲ. ಅನ್ಯಾಯಕ್ಕೆ ಬೆಂಬಲವಾಗಿ ನಿಂತ ಸರ್ಕಾರಕ್ಕೆ ತೆರಿಗೆ ಕೊಡಲೊಲ್ಲದೆ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದವನು ಅವನು. ಆ ಅನುಭವದಿಂದ ಹುಟ್ಟಿದ ಅವನ ಪ್ರಬಂಧವನ್ನು ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿ ಮೆಚ್ಚಿದರು. ಇತಿಹಾಸದ ತರಗತಿಯಲ್ಲಿ ನಾವು ಕೇಳುವುದು ಇಷ್ಟು. ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡುವವರು, ಸರೋವರದ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಒಂಟಿಯಾಗಿ ಬಾಳಿದ ಋಷಿಸದೃಶನೆಂದು ಅವನನ್ನು ಬಲ್ಲರು. ಈ ಎರಡು ಚಿತ್ರಗಳೂ ಸತ್ಯವೇ. ಆದರೆ ಇವೆರಡರ ಮರೆಯಲ್ಲಿ ಮೂರನೆಯ ಥೋರೋ ಒಬ್ಬನಿದ್ದಾನೆ. ಮಾರ್ಚಿ ತಿಂಗಳ ಕೊನೆಯಲ್ಲಿ, ಕಾಡಿನ ನೆರಳಿನಲ್ಲಿ ಹಿಮವು ಇನ್ನೂ ಕರಗದೆ ಉಳಿದಿರುವಾಗ, ವರ್ಷದ ಮೊದಲನೆಯ ಚಿಟ್ಟೆ ಎಲ್ಲಿ ಕಂಡೀತೆಂದು ಕಣ್ಣಿಟ್ಟು ನಡೆದು, ಕಂಡ ದಿನವನ್ನು ಪೆನ್ಸಿಲಿನಿಂದ ಗುರುತುಹಾಕಿಕೊಂಡು ಮನೆಗೆ ಬರುತ್ತಿದ್ದವನು ಈ ಥೋರೋ. ಊರಿನ ಅನೇಕರಿಗೆ ಇದು ಕೆಲಸವಿಲ್ಲದವನ ಕೆಲಸವಾಗಿ ತೋರಿತು. ಅವನನ್ನು ಮಗನಂತೆ ಪ್ರೀತಿಸಿದ ಹಿರಿಯ ಮಿತ್ರನಿಗೂ ಇಷ್ಟು ದೊಡ್ಡ ಶಕ್ತಿ ವ್ಯರ್ಥವಾಯಿತಲ್ಲಾ ಎಂಬ ಕೊರಗು ಉಳಿಯಿತು. ಆ ಕೊರಗು ಸರಿಯೇ ತಪ್ಪೇ ಎಂಬುದನ್ನು ವಿಚಾರಮಾಡುವ ಸಲುವಾಗಿಯೇ ಈತನ ಬಾಳನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದ್ದೇನೆ.

ಥೋರೋ ಹುಟ್ಟಿದ್ದು 1817ನೆಯ ಇಸವಿ ಜುಲೈ 12ರಂದು, ಮಸಾಚುಸೆಟ್ಸ್ ಸಂಸ್ಥಾನದ ಕಾಂಕರ್ಡ್ ಎಂಬ ಊರಿನಲ್ಲಿ. ಬಾಸ್ಟನ್ ನಗರದಿಂದ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿರುವ ಈ ಊರು, 1775ರಲ್ಲಿ ಅಮೆರಿಕದ ಸ್ವಾತಂತ್ರ್ಯಯುದ್ಧದ ಮೊದಲ ಗುಂಡುಗಳು ಹಾರಿದ ಸ್ಥಳಗಳಲ್ಲಿ ಒಂದೆಂದು ಪ್ರಸಿದ್ಧವಾಗಿತ್ತು. ಸುತ್ತಲೂ ಹೊಲ, ಜೌಗು, ಪೈನ್ ಮತ್ತು ಓಕ್ ಮರಗಳ ಕಾಡು. ನಡುವೆ ನಿಧಾನವಾಗಿ ಹರಿಯುವ ನದಿ. ಒಂದು ಕಡೆ ವಾಲ್ಡನ್ ಎಂಬ ಸ್ವಚ್ಛವಾದ ಸರೋವರ. ತಂದೆ ಜಾನ್ ಥೋರೋ ಪೆನ್ಸಿಲ್ ತಯಾರಿಸುವ ಕಸುಬಿನವನು. ತಾಯಿ ಸಿಂತಿಯಾ ಮಕ್ಕಳನ್ನು ಕಾಡು ಹೊಲಗಳಲ್ಲಿ ತಿರುಗಾಡಿಸುತ್ತಿದ್ದ ಗೃಹಿಣಿ. ಮನೆ ಶ್ರೀಮಂತವಲ್ಲದಿದ್ದರೂ ಹೆನ್ರಿಯನ್ನು ಹಾರ್ವರ್ಡ್ ಕಾಲೇಜಿಗೆ ಕಳುಹಿಸಿದರು. 1833ರಿಂದ 1837ರವರೆಗೆ ಅಲ್ಲಿ ಓದಿ ಪದವಿ ಪಡೆದ ಅವನು ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಒಳ್ಳೆಯ ಪರಿಶ್ರಮ ಸಂಪಾದಿಸಿದ. ಆ ಕಾಲೇಜಿನ ಗ್ರಂಥಪಾಲನಾಗಿದ್ದ ಥಾಡಿಯಸ್ ಹ್ಯಾರಿಸ್ ಎಂಬಾತ ಕೀಟಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸ. ಮುಂದೆ ಅನೇಕ ವರ್ಷಗಳ ಕಾಲ ಥೋರೋ ಹುಳುಹುಪ್ಪಟೆಗಳ ವಿಚಾರದಲ್ಲಿ ಸಂದೇಹ ಬಂದಾಗ ಹೋಗಿ ಕೇಳುತ್ತಿದ್ದುದು ಈ ಹ್ಯಾರಿಸನನ್ನೇ.

ಪದವಿ ಮುಗಿಸಿ ಬಂದ ಥೋರೋವಿಗೆ ಊರಿನ ಶಾಲೆಯಲ್ಲಿ ಉಪಾಧ್ಯಾಯನ ಕೆಲಸ ಸಿಕ್ಕಿತು. ಮಕ್ಕಳಿಗೆ ಬೆತ್ತದ ಏಟು ಕೊಡಬೇಕೆಂದು ಮೇಲಿನವರು ಒತ್ತಾಯಪಡಿಸಿದುದರಿಂದ ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟುಬಿಟ್ಟ. ಬಳಿಕ ಅಣ್ಣ ಜಾನನೊಡನೆ ಸೇರಿ ತಾನೇ ಒಂದು ಶಾಲೆ ನಡೆಸಿದ. ಮಕ್ಕಳನ್ನು ಹೊಲಗದ್ದೆಗಳಿಗೆ ಕರೆದುಕೊಂಡು ಹೋಗಿ ಪಾಠ ಹೇಳುವುದು ಆ ಶಾಲೆಯ ವಿಶೇಷ. ಅಣ್ಣನ ಆರೋಗ್ಯ ಕೆಟ್ಟು ಅದೂ ನಿಂತಿತು. 1842ನೆಯ ಜನವರಿಯಲ್ಲಿ, ಕ್ಷೌರದ ಕತ್ತಿ ತಾಗಿ ಆದ ಸಣ್ಣ ಗಾಯದಿಂದ ಧನುರ್ವಾಯು ಹತ್ತಿ ಜಾನ್ ತೀರಿಕೊಂಡ. ತಮ್ಮನಿಗೆ ಆದ ಆಘಾತ ಎಷ್ಟು ತೀವ್ರವಾಗಿತ್ತೆಂದರೆ, ಗಾಯವೇ ಇಲ್ಲದ ಅವನ ದೇಹದಲ್ಲಿಯೂ ಕೆಲವು ದಿನ ಅದೇ ರೋಗದ ಲಕ್ಷಣಗಳು ಕಾಣಿಸಿಕೊಂಡವು. ಹಕ್ಕಿಗಳನ್ನು ಗುರುತಿಸುವ ಅಭ್ಯಾಸದಲ್ಲಿ ಅವನಿಗೆ ಜೊತೆಯಾಗಿದ್ದವನು ಈ ಅಣ್ಣನೇ.

ಇಷ್ಟರಲ್ಲಿ ಅವನ ಬಾಳಿನಲ್ಲಿ ಎರಡು ಸಂಗತಿಗಳು ನಡೆದಿದ್ದವು. ಮೊದಲನೆಯದು, ಕಾಂಕರ್ಡಿನಲ್ಲಿಯೇ ನೆಲಸಿದ್ದ ತತ್ವಜ್ಞಾನಿ ಎಮರ್ಸನನ ಸ್ನೇಹ. ಎರಡನೆಯದು, 1837ನೆಯ ಅಕ್ಟೋಬರ್ 22ರಂದು ಅವನು ದಿನಚರಿ ಬರೆಯಲು ಆರಂಭಿಸಿದುದು. ಆ ದಿನಚರಿ ಇಪ್ಪತ್ತನಾಲ್ಕು ವರ್ಷ ನಡೆದು, ನಲವತ್ತೇಳು ಹಸ್ತಪ್ರತಿ ಸಂಪುಟಗಳಾಗಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪದಗಳಾಗಿ ಬೆಳೆಯಿತು. ಅವನ ನಿಜವಾದ ಜೀವಮಾನದ ಕೃತಿ ಇದೇ ಎಂದು ಈಗ ಅನೇಕ ವಿದ್ವಾಂಸರು ಭಾವಿಸುತ್ತಾರೆ.

1845ನೆಯ ಜುಲೈ 4ರಂದು ಥೋರೋ ವಾಲ್ಡನ್ ಸರೋವರದ ದಡದಲ್ಲಿ, ಎಮರ್ಸನನಿಗೆ ಸೇರಿದ ಜಾಗದಲ್ಲಿ, ತಾನೇ ಕಟ್ಟಿಕೊಂಡ ಮನೆಗೆ ವಾಸಕ್ಕೆ ಹೋದ. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲದ ಆ ಮನೆಗೆ ತಗುಲಿದ ವೆಚ್ಚ ಇಪ್ಪತ್ತೆಂಟು ಡಾಲರು, ಹನ್ನೆರಡೂವರೆ ಸೆಂಟು. ಎರಡು ವರ್ಷ, ಎರಡು ತಿಂಗಳು, ಎರಡು ದಿನ ಅಲ್ಲಿದ್ದ. ಸೆರೆಮನೆಯ ಪ್ರಸಂಗ ನಡೆದದ್ದು ಈ ಕಾಲದಲ್ಲಿಯೇ, 1846ರ ಜುಲೈಯಲ್ಲಿ. ನಮ್ಮ ಭಗವದ್ಗೀತೆಯ ಇಂಗ್ಲಿಷ್ ಅನುವಾದವನ್ನು ಅವನು ಆದರದಿಂದ ಓದುತ್ತಿದ್ದುದೂ ಇಲ್ಲಿಯೇ. ಆ ಚಳಿಗಾಲ ಬಾಸ್ಟನಿನ ವ್ಯಾಪಾರಿಗಳು ಸರೋವರದ ಮಂಜುಗಡ್ಡೆಯನ್ನು ಕೊಯ್ದು ರಾಶಿಹಾಕಿದರು. ಅಂಥ ಮಂಜುಗಡ್ಡೆ ಹಡಗುಗಳಲ್ಲಿ ಕಲ್ಕತ್ತದವರೆಗೆ ಹೋಗುತ್ತಿದ್ದ ಕಾಲ ಅದು. ವಾಲ್ಡನ್ನಿನ ನೀರು ಗಂಗೆಯ ನೀರಿನೊಡನೆ ಬೆರೆಯುವುದನ್ನು ಥೋರೋ ಮನಸ್ಸಿನಲ್ಲಿ ಕಂಡು ಹಿಗ್ಗಿದ. ಆದರೆ ಬರಿಯ ಭಾವುಕತೆಯಿಂದ ಅವನು ತೃಪ್ತನಾಗಲಿಲ್ಲ. ಅದೇ ಮಂಜುಗಡ್ಡೆಯ ಮೇಲೆ ನಿಂತು, ತೂತು ಕೊರೆದು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ತಳವಿಲ್ಲದ್ದೆಂದು ಜನ ನಂಬಿದ್ದ ಸರೋವರದ ಆಳ 102 ಅಡಿ ಎಂದು ಅಳೆದು ಹೇಳಿದ. ಕವಿಹೃದಯವೂ ಅಳತೆಯ ಹಗ್ಗವೂ ಒಬ್ಬನಲ್ಲಿಯೇ ಕೂಡಿದ್ದುದು ಅವನ ವೈಶಿಷ್ಟ್ಯ.

ವಾಲ್ಡನ್ನಿನಿಂದ ಹಿಂತಿರುಗಿದ ಮೇಲೆ ಅವನ ಹೊಟ್ಟೆಪಾಡು ಜಮೀನಿನ ಮೋಜಣಿಯಿಂದಲೂ ಪೆನ್ಸಿಲ್ ತಯಾರಿಕೆಯಿಂದಲೂ ನಡೆಯಿತು. ಗ್ರಾಫೈಟಿನ ಪುಡಿಗೆ ಜೇಡಿಮಣ್ಣನ್ನು ಹದವಾಗಿ ಬೆರೆಸಿ ತಂದೆಯ ಪೆನ್ಸಿಲುಗಳನ್ನು ದೇಶದಲ್ಲಿಯೇ ಉತ್ತಮವೆನ್ನಿಸಿದವನು ಈತ. ಮಿಕ್ಕ ಹೊತ್ತೆಲ್ಲ ತಿರುಗಾಟ. ದಿನಕ್ಕೆ ನಾಲ್ಕು ಗಂಟೆಯಾದರೂ ನಡೆಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಸುಮಾರು 1850ರಿಂದ ಈ ತಿರುಗಾಟ ಒಂದು ಕ್ರಮವನ್ನು ಪಡೆಯಿತು. ತಲೆಯ ಮೇಲಿನ ಹುಲ್ಲಿನ ಟೋಪಿಯೊಳಗೆ ಗಿಡಗಳನ್ನು ಬಾಡದಂತೆ ಇಟ್ಟುಕೊಳ್ಳಲು ಒಂದು ಸಣ್ಣ ಅಟ್ಟಣೆ. ಕಂಕುಳಲ್ಲಿ ಹೂಗಳನ್ನು ಒತ್ತಿಡಲು ತಂದೆಯ ಹಳೆಯ ಸಂಗೀತದ ಪುಸ್ತಕ. 1854ರಲ್ಲಿ ಕೊಂಡ ಒಂದು ದೂರದರ್ಶಕ. ಜೇಬಿನಲ್ಲಿ ಕಾಗದ, ಪೆನ್ಸಿಲ್. ಯಾವ ಗಿಡ ಎಂದು ಮೊದಲು ಹೂಬಿಟ್ಟಿತು, ಯಾವ ಹಕ್ಕಿ ದಕ್ಷಿಣದಿಂದ ಎಂದು ಮರಳಿತು, ಕಪ್ಪೆ ಎಂದು ಕೂಗಿತು, ಚಿಟ್ಟೆ ಎಂದು ಕಂಡಿತು, ಇವೆಲ್ಲವನ್ನೂ ತಾರೀಖಿನೊಡನೆ ಬರೆದಿಡತೊಡಗಿದ. ಒಂದು ಹೂವು ಅರಳಿದ ದಿನವನ್ನು ಖಚಿತಪಡಿಸಿಕೊಳ್ಳಲು ದಿನಬಿಟ್ಟು ದಿನ ನಾಲ್ಕೈದು ಮೈಲಿ ನಡೆಯುವುದೂ ಉಂಟು. 1852ರಿಂದ 1858ರವರೆಗಿನ ಅವನ ಬರಹದಲ್ಲಿ ಐನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಹೂಬಿಡುವ ಕಾಲ ಸಿಗುತ್ತದೆ.

ಅವನ ಉದ್ದೇಶವೇನು? ನಮಗೆ ಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ, ಅವನು ಕಾಂಕರ್ಡಿಗೆ ಒಂದು ಪಂಚಾಂಗವನ್ನು ರಚಿಸಲು ಹೊರಟಿದ್ದ. ನಮ್ಮ ಪಂಚಾಂಗವನ್ನು ಸೂರ್ಯಚಂದ್ರರ ಗತಿಯನ್ನು ಗಣಿಸಿ ಮಾಡುತ್ತಾರೆ. ಯುಗಾದಿ ಯಾವ ದಿನವೆಂದು ವರ್ಷ ಮುಂಚಿತವಾಗಿಯೇ ಹೇಳಬಹುದು. ಆದರೆ ಮಾವು ಎಂದು ಚಿಗುರುವುದೆಂದು ಹೇಳಬಲ್ಲವರಾರು? ಥೋರೋ ಬಯಸಿದ್ದು ಈ ಎರಡನೆಯ ಬಗೆಯ ಪಂಚಾಂಗವನ್ನು. ಅದರಲ್ಲಿ ತಿಥಿ ನಕ್ಷತ್ರಗಳ ಸ್ಥಾನದಲ್ಲಿ ಹೂವು, ಹಕ್ಕಿ, ಚಿಟ್ಟೆಗಳಿರಬೇಕು. ಅದಕ್ಕೆ ಒಂದು ವರ್ಷದ ನೋಟ ಸಾಲದೆಂಬುದು ಅವನಿಗೆ ಬೇಗನೆ ತಿಳಿಯಿತು. ವಾಲ್ಡನ್ ಸರೋವರದ ಮಂಜುಗಡ್ಡೆ ಪೂರ್ತಿಯಾಗಿ ಕರಗಿದ ದಿನಗಳನ್ನು ಅವನು ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ. 1845ರಲ್ಲಿ ಅದು ಏಪ್ರಿಲ್ 1. 1846ರಲ್ಲಿ ಮಾರ್ಚಿ 25. 1847ರಲ್ಲಿ ಏಪ್ರಿಲ್ 8. 1851ರಲ್ಲಿ ಮಾರ್ಚಿ 28. 1852ರಲ್ಲಿ ಏಪ್ರಿಲ್ 18. 1853ರಲ್ಲಿ ಮಾರ್ಚಿ 23. 1854ರಲ್ಲಿ ಸುಮಾರು ಏಪ್ರಿಲ್ 7. ಒಂದರ ಪಕ್ಕದಲ್ಲೊಂದಿರುವ 1852 ಮತ್ತು 1853ನೆಯ ವರ್ಷಗಳ ನಡುವೆ ಇಪ್ಪತ್ತಾರು ದಿನಗಳ ಅಂತರವಿರುವುದನ್ನು ನೋಡಿರಿ. ಈ ವರ್ಷ ಬೇಸಗೆ ಬೇಗ ಬಂತು, ಮಳೆ ತಡವಾಯಿತು ಎಂದು ನಾವು ಜಗುಲಿಯ ಮೇಲೆ ಕುಳಿತು ವರ್ಷವರ್ಷವೂ ಆಡಿಕೊಳ್ಳುತ್ತೇವೆ. ಯಾವುದಕ್ಕಿಂತ ಬೇಗ, ಯಾವುದಕ್ಕಿಂತ ತಡ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ವಾಡಿಕೆ ಯಾವುದೆಂದು ತಿಳಿಯದೆ ವಾಡಿಕೆಗೆ ಮೀರಿದ್ದು ಯಾವುದೆಂದು ಹೇಳುವುದು ಅಸಾಧ್ಯ. ವಾಡಿಕೆಯನ್ನು ತಿಳಿಯಬೇಕಾದರೆ ಒಂದೇ ಊರಿನಲ್ಲಿ ನಿಂತು ಬಹುವರ್ಷ ಬರೆದಿಡುವುದೊಂದೇ ದಾರಿ.

ಈಗ ಚಿಟ್ಟೆಯ ಮಾತಿಗೆ ಬರೋಣ. ಕಾಂಕರ್ಡಿನಲ್ಲಿ ವಸಂತದ ಮೊದಲ ಚಿಟ್ಟೆ ಸಾಮಾನ್ಯವಾಗಿ ಮೋರ್ನಿಂಗ್ ಕ್ಲೋಕ್ ಎಂಬುದು. ಶೋಕಾಚರಣೆಯ ನಿಲುವಂಗಿ ಎಂಬುದು ಆ ಹೆಸರಿನ ಅರ್ಥ. ಕಂದುಗೆಂಪಿನ ಕಪ್ಪು ರೆಕ್ಕೆ. ಅದರ ಅಂಚಿಗೆ ಹಾಲುಹಳದಿಯ ಪಟ್ಟಿ. ಪಟ್ಟಿಯ ಒಳಗಡೆ ಸಾಲಾಗಿ ನೀಲಿಯ ಚುಕ್ಕೆಗಳು. ಮರಗಳಲ್ಲಿ ಇನ್ನೂ ಎಲೆ ಮೂಡಿರುವುದಿಲ್ಲ, ಹೂಗಳೂ ಇಲ್ಲವೆನ್ನುವಷ್ಟು ಅಪರೂಪ. ಅಂಥ ಹೊತ್ತಿನಲ್ಲಿ ಈ ಚಿಟ್ಟೆ ಎಲ್ಲಿಂದ ಬಂತು? ಬಹುಪಾಲು ಚಿಟ್ಟೆಗಳು ಆ ದೇಶದ ಕಠಿಣವಾದ ಚಳಿಗಾಲವನ್ನು ಮೊಟ್ಟೆಯಾಗಿಯೋ ಹುಳುವಾಗಿಯೋ ಕೋಶದಲ್ಲಿಯೋ ಕಳೆಯುತ್ತವೆ. ಮೋರ್ನಿಂಗ್ ಕ್ಲೋಕ್ ಮಾತ್ರ ರೆಕ್ಕೆ ಬಲಿತ ಚಿಟ್ಟೆಯಾಗಿಯೇ ಮರದ ತೊಗಟೆಯ ಸಂದಿನಲ್ಲಿ ಮಡಿಸಿಕೊಂಡು ಕುಳಿತು ಚಳಿಗಾಲವನ್ನು ಕಳೆಯುತ್ತದೆ. ಬಿಸಿಲು ಚೆನ್ನಾಗಿ ಕಾದ ಒಂದು ದಿನ ಹೊರಗೆ ಬಂದು, ಕಪ್ಪು ರೆಕ್ಕೆಗಳನ್ನು ಅಗಲವಾಗಿ ಹರಡಿ ಮೈ ಕಾಯಿಸಿಕೊಳ್ಳುತ್ತದೆ. ಹೂವಿಲ್ಲದ ಆ ಕಾಲದಲ್ಲಿ ಮರದ ಗಾಯದಿಂದ ಒಸರುವ ರಸವನ್ನು ಹೀರುತ್ತದೆ. ಬಳಿಕ ವಿಲ್ಲೋ, ಎಲ್ಮ್ ಮುಂತಾದ ಮರಗಳ ಕಡ್ಡಿಗಳಲ್ಲಿ ಮೊಟ್ಟೆಯಿಡುತ್ತದೆ. ಹತ್ತು ತಿಂಗಳಿಗೂ ಮೀರಿ ಬದುಕಬಲ್ಲ ಚಿಟ್ಟೆ ಅದು. ಅದು ಕಾಣುವ ದಿನ ಆ ದಿನದ ಬಿಸಿಲನ್ನು ಅವಲಂಬಿಸಿದ್ದು. ಕೋಶದೊಳಗೆ ಚಳಿಗಾಲ ಕಳೆಯುವ ಚಿಕ್ಕ ನೀಲಿ ಚಿಟ್ಟೆ ಏಪ್ರಿಲ್ ಮುಂದುವರಿದಂತೆ ಬರುವುದಾದರೆ, ಅದರ ಹಿಂದೆ ವಾರಗಟ್ಟಲೆ ಕೂಡಿಬಂದ ಬೆಚ್ಚಗಿನ ಲೆಕ್ಕವಿರುತ್ತದೆ. ಮೊದಲನೆಯದು ಒಂದು ದಿನದ ಸುದ್ದಿ, ಎರಡನೆಯದು ಒಂದು ಋತುವಿನ ಸುದ್ದಿ. ಥೋರೋ ಎರಡನ್ನೂ ಬರೆದಿಟ್ಟ. ಹಳದಿಯಂಚಿನ ಈ ಕಪ್ಪು ಚಿಟ್ಟೆ ಅವನ ದಿನಚರಿಯ ವಸಂತಕಾಲದ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಕೀಟಗಳನ್ನು ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದೇ ಆ ಕಾಲದ ಶಾಸ್ತ್ರೀಯ ಪದ್ಧತಿ. ಥೋರೋ ಅದನ್ನು ಸಂಪೂರ್ಣವಾಗಿ ಬಿಟ್ಟವನೆಂದು ಹೇಳುವಂತಿಲ್ಲ. 1855ರ ಮೇ ತಿಂಗಳಲ್ಲಿ ಅವನಿಗೆ ಸಿಕ್ರೋಪಿಯ ಎಂಬ ದೊಡ್ಡ ಪತಂಗದ ಗೂಡು ಸಿಕ್ಕಿತು. ಉತ್ತರ ಅಮೆರಿಕದ ಪತಂಗಗಳಲ್ಲಿ ಅತ್ಯಂತ ದೊಡ್ಡದು ಇದೇ. ಜೂನ್ 2ರಂದು ಮನೆಯಲ್ಲಿ ಆ ಗೂಡನ್ನು ಒಡೆದುಕೊಂಡು ಪತಂಗ ಹೊರಗೆ ಬಂತು. ಮೊದಲು ಚಿಕ್ಕದಾಗಿ ಮುದುಡಿಕೊಂಡಿದ್ದ ರೆಕ್ಕೆಗಳು ನೋಡನೋಡುತ್ತಿದ್ದಂತೆ ಹಿಗ್ಗಿ ಹರಡಿ ಬಣ್ಣ ತಳೆದುದನ್ನು ಅವನು ಬಲು ಸೂಕ್ಷ್ಮವಾಗಿ ವರ್ಣಿಸಿ, ಕೊನೆಗೆ ಅದನ್ನು ಔಷಧಿಯಿಂದ ಕೊಂದು ಇಟ್ಟುಕೊಂಡ. ಆದರೆ ಇಂಥ ಕೆಲಸದ ಬಗೆಗೆ ಅವನ ಮನಸ್ಸಿನಲ್ಲಿ ಸದಾ ಕಸಿವಿಸಿ ಇದ್ದೇ ಇತ್ತು. ಹ್ಯಾರಿಸ್ ಬರೆದಿದ್ದ ಕೀಟಗ್ರಂಥ ಪೈರಿಗೆ ಹಾನಿಮಾಡುವ ಹುಳುಗಳ ಬಗೆಗೆ ಸಂಸ್ಥಾನದ ಖರ್ಚಿನಲ್ಲಿ ತಯಾರಾದದ್ದು. ಗುರುವಿನ ವಿದ್ವತ್ತನ್ನು ಗೌರವಿಸುತ್ತಿದ್ದ ಥೋರೋವಿಗೆ ಸರ್ಕಾರದ ದೃಷ್ಟಿ ಮಾತ್ರ ವ್ಯಥೆಯನ್ನುಂಟುಮಾಡಿತು. ಬಣ್ಣಬಣ್ಣದ ಸಾವಿರ ಚಿಟ್ಟೆಗಳು ಕಣ್ಣೆದುರಿಗೆ ಹಾರಾಡುತ್ತಿರುವಾಗ, ಯಾವುದು ನಷ್ಟ ಮಾಡುತ್ತದೆಯೋ ಅದಕ್ಕೆ ಮಾತ್ರ ಹಣ ಖರ್ಚು ಮಾಡುವುದೇ? ದೇವರ ಮಹಿಮೆಯನ್ನು ಕೊಂಡಾಡಬೇಕೆಂದು ಭಾನುವಾರ ಉಪದೇಶಿಸುವ ಜನ, ಆ ಮಹಿಮೆಯ ಲೆಕ್ಕವನ್ನು ಎಲ್ಲಿಯೂ ಇಟ್ಟಿಲ್ಲವಲ್ಲ? ಹೀಗೆ 1859ರ ದಿನಚರಿಯಲ್ಲಿ ಅವನು ಕೊರಗಿದ್ದಾನೆ. ಸರ್ಕಾರ ಇಡದಿದ್ದ ಆ ಲೆಕ್ಕವನ್ನು ಅವನೊಬ್ಬನೇ ತನ್ನ ಮಟ್ಟಿಗೆ ಇಡುತ್ತಿದ್ದ.

ಲೋಕ ಇದನ್ನು ಹೇಗೆ ಕಂಡಿತು? ಅವನ ಮೊದಲನೆಯ ಪುಸ್ತಕ 1849ರಲ್ಲಿ ಸಾವಿರ ಪ್ರತಿ ಅಚ್ಚಾಗಿ, ನಾಲ್ಕು ವರ್ಷದ ಮೇಲೆ ಮಾರಾಟವಾಗದ 706 ಪ್ರತಿಗಳು ಅವನ ಮನೆಗೇ ಹಿಂದಿರುಗಿದವು. 1854ರ 'ವಾಲ್ಡನ್' ಸ್ವಲ್ಪ ಮೆಚ್ಚುಗೆ ಪಡೆಯಿತಾದರೂ ದೊಡ್ಡ ಕೀರ್ತಿಯನ್ನು ತರಲಿಲ್ಲ. ಮದುವೆಯಿಲ್ಲ, ಸ್ಥಿರವಾದ ಉದ್ಯೋಗವಿಲ್ಲ, ಮಧ್ಯಾಹ್ನವಾಯಿತೆಂದರೆ ಕಾಡು. ನೆರೆಹೊರೆಯವರು ನಕ್ಕರೆ ಆಶ್ಚರ್ಯವೇನು? ಎಮರ್ಸನನಂಥವನೂ ಈತನ ಶಕ್ತಿಗೆ ತಕ್ಕ ಮಹತ್ವಾಕಾಂಕ್ಷೆ ಇಲ್ಲವೆಂದು ನೊಂದುಕೊಂಡ; ಇಡೀ ದೇಶಕ್ಕೆ ಯೋಜನೆ ಹಾಕಬಲ್ಲವನು ಹಣ್ಣು ಆರಿಸಲು ಹೊರಟ ಹುಡುಗರ ಗುಂಪಿಗೆ ನಾಯಕನಾಗಿ ನಿಂತನೆಂಬುದು ಅವನ ಆಕ್ಷೇಪಣೆ. ಆದರೆ ಅದೇ ಎಮರ್ಸನನು ಮತ್ತೊಂದು ಸಂಗತಿಯನ್ನೂ ದಾಖಲೆ ಮಾಡಿದ್ದಾನೆ. ತಿರುಗಾಟದ ನಡುವೆ ಥೋರೋ ಜೇಬಿನಿಂದ ದಿನಚರಿ ತೆಗೆದು, ಸಾಹುಕಾರನು ವಾಯಿದೆ ಬಂದ ಪತ್ರಗಳನ್ನು ಓದುವಂತೆ, ಆ ದಿನ ಅರಳಬೇಕಾದ ಹೂಗಳ ಹೆಸರನ್ನು ಓದುತ್ತಿದ್ದನಂತೆ. ತಿಂಗಳುಗಟ್ಟಲೆ ಮೂರ್ಛೆಯಲ್ಲಿದ್ದು ಎಚ್ಚತ್ತರೂ ಸುತ್ತಣ ಗಿಡಗಳನ್ನು ನೋಡಿ ಎರಡು ದಿನದ ಅಂತರದೊಳಗೆ ತಾರೀಖು ಹೇಳಬಲ್ಲೆನೆಂಬ ವಿಶ್ವಾಸ ಅವನಿಗಿತ್ತು.

ಚಿಟ್ಟೆ ಹೂಗಳ ಹಿಂದೆ ಹೋದವನು ಮನುಷ್ಯರ ಕಷ್ಟವನ್ನು ಮರೆತನೆಂದು ಯಾರೂ ತಿಳಿಯಬಾರದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ಅವನ ಮನೆಯಲ್ಲಿ ಆಶ್ರಯ ದೊರೆಯುತ್ತಿತ್ತು. ಅವರನ್ನು ರೈಲು ಹತ್ತಿಸಿ ಕೆನಡಾದ ಕಡೆಗೆ ಕಳುಹಿಸುವುದಕ್ಕೆ ಅವನು ನೆರವಾಗುತ್ತಿದ್ದ. 1859ರಲ್ಲಿ ಗುಲಾಮಗಿರಿಯ ವಿರುದ್ಧ ಆಯುಧವೆತ್ತಿದ ಜಾನ್ ಬ್ರೌನನು ಸೆರೆಸಿಕ್ಕಾಗ, ಅವನ ಪರವಾಗಿ ಊರವರ ಮುಂದೆ ನಿಂತು ನಿರ್ಭಯವಾಗಿ ಭಾಷಣ ಮಾಡಿದವರಲ್ಲಿ ಥೋರೋ ಮೊದಲಿಗ. ತನ್ನ ಊರಿನ ನೆಲವನ್ನು ಕಣ್ಣಾರೆ ನೋಡಿ ನಿಜವನ್ನು ಬರೆದಿಡುವ ಅಭ್ಯಾಸ, ಜನರ ನಡುವಿನ ಸುಳ್ಳನ್ನು ಸಹಿಸದ ಸ್ವಭಾವ, ಇವೆರಡೂ ಒಂದೇ ಬೇರಿನ ಕವಲುಗಳೆಂದು ನನಗೆ ತೋರುತ್ತದೆ.

1860ರ ಆರಂಭದಲ್ಲಿ ಡಾರ್ವಿನ್ನನ ಗ್ರಂಥ ಅವನ ಕೈಗೆ ಬಂತು. ಅದನ್ನು ಓದಿ ಅವನು ಹೊಸ ಹುರುಪಿನಿಂದ ಬೀಜಪ್ರಸಾರದ ವಿಚಾರವಾಗಿ ಸಂಶೋಧನೆಗೆ ತೊಡಗಿದ. ಅದೇ ವರ್ಷದ ಡಿಸೆಂಬರ್ 3ರಂದು, ಕಡಿದ ಮರಗಳ ಬುಡದಲ್ಲಿ ಉಂಗುರಗಳನ್ನು ಎಣಿಸುತ್ತಿದ್ದಾಗ ಶೀತ ಹಿಡಿಯಿತು. ಅದು ಎದೆಗೆ ಇಳಿದು, ಬಹುಕಾಲದಿಂದ ಮೈಯಲ್ಲಿ ಅಡಗಿದ್ದ ಕ್ಷಯವನ್ನು ಎಬ್ಬಿಸಿತು. 1861ರಲ್ಲಿ ಹವೆ ಬದಲಾವಣೆಗಾಗಿ ಮಿನೆಸೋಟಕ್ಕೆ ಹೋಗಿಬಂದರೂ ಗುಣವಾಗಲಿಲ್ಲ. ತನ್ನ ದಿನ ಹತ್ತಿರ ಬರುತ್ತಿದೆಯೆಂಬುದು ಅವನಿಗೆ ಗೊತ್ತಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಹತ್ತು ವರ್ಷದ ದಿನಚರಿಯಿಂದ ಸಂಗತಿಗಳನ್ನು ಆರಿಸಿ, ದೊಡ್ಡ ಹಾಳೆಗಳಲ್ಲಿ ಮೇಲುಗಡೆ ವರ್ಷಗಳನ್ನೂ ಪಕ್ಕದಲ್ಲಿ ಋತುವಿನ ಲಕ್ಷಣಗಳನ್ನೂ ಬರೆದು, ಮನೆಗಳನ್ನು ತುಂಬಿಸುತ್ತ ಬಂದಿದ್ದ, ಪಂಚಾಂಗ ರೂಪುಗೊಳ್ಳುತ್ತಿತ್ತು. ಅದು ಪೂರ್ತಿಯಾಗುವ ಮೊದಲೇ, 1862ನೆಯ ಮೇ 6ರಂದು, ಬೆಳಗಿನ ಹೊತ್ತು, ಥೋರೋ ಕಣ್ಣುಮುಚ್ಚಿದ. ಆಗ ಅವನ ವಯಸ್ಸು ನಲವತ್ತನಾಲ್ಕು. ಹೊರಗೆ ಕಾಂಕರ್ಡಿನ ವಸಂತ ತುಂಬಿ ನಿಂತಿತ್ತು. ಆ ವರ್ಷದ ಹೂ ಚಿಟ್ಟೆಗಳ ದಿನಗಳನ್ನು ಬರೆದಿಡಲು ಅವನಿರಲಿಲ್ಲ.

ಅವನ ಹಾಳೆಗಳು ಮುಂದೆ ಕೈಯಿಂದ ಕೈಗೆ ಹೋಗಿ ಚದರಿದವು. ದಿನಚರಿಯು ತಂಗಿ ಸೋಫಿಯಾಳಿಂದ ಬ್ಲೇಕ್ ಎಂಬ ಮಿತ್ರನಿಗೆ ಬಂತು. ಅವನು 1881ರಿಂದ ಋತುಗಳಿಗನುಸಾರವಾಗಿ ಆಯ್ದ ಭಾಗಗಳನ್ನು ಪ್ರಕಟಿಸಿದ. 1906ರಲ್ಲಿ ಹದಿನಾಲ್ಕು ಸಂಪುಟಗಳು ಅಚ್ಚಾದವು. ಓದುಗರು ಅದರಲ್ಲಿ ಸೊಗಸಾದ ವಾಕ್ಯಗಳನ್ನು ಹುಡುಕಿದರೇ ಹೊರತು ತಾರೀಖುಗಳನ್ನು ದಾಟಿಕೊಂಡೇ ಹೋದರು. ಕಾಂಕರ್ಡಿನ ಅಂಗಡಿಕಾರ ಆಲ್ಫ್ರೆಡ್ ಹಾಸ್ಮರ್ ಎಂಬಾತ ಮಾತ್ರ ಥೋರೋವಿನ ದಾರಿಯಲ್ಲಿ ನಡೆದು, 1878ರಲ್ಲಿಯೂ ಮತ್ತೆ 1888ರಿಂದ 1902ರವರೆಗೂ ಅದೇ ಊರಿನ ಹೂಗಳ ಕಾಲವನ್ನು ಬರೆದಿಟ್ಟ. ಒಂದು ನೂರು ವರ್ಷದ ಬಳಿಕ, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ಬಾಸ್ಟನ್ ವಿಶ್ವವಿದ್ಯಾನಿಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಅಬ್ರಹಾಂ ಮಿಲ್ಲರ್-ರಶಿಂಗ್ ಎಂಬ ಜೀವಶಾಸ್ತ್ರಜ್ಞರು ಥೋರೋವಿನ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಅದೇ ಕಾಡುಗಳಲ್ಲಿ ನಡೆದರು. 2008ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿದೆ. ಸಾಮಾನ್ಯವಾಗಿ ಕಾಣುವ 43 ಜಾತಿಯ ಗಿಡಗಳು ಥೋರೋವಿನ ಕಾಲಕ್ಕಿಂತ ಸರಾಸರಿ ಏಳು ದಿನ ಮುಂಚೆ ಹೂಬಿಡುತ್ತಿದ್ದವು. ಆ ಪ್ರದೇಶದ ಉಷ್ಣತೆ ಸುಮಾರು 2.4 ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿತ್ತು. ವಾಲ್ಡನ್ನಿನ ಮಂಜುಗಡ್ಡೆ ಸುಮಾರು ಎರಡು ವಾರ ಮೊದಲೇ ಕರಗುತ್ತಿತ್ತು. ಅವನು ಕಂಡಿದ್ದ ಗಿಡಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜಾತಿಗಳು ಕಾಂಕರ್ಡಿನಿಂದ ಕಣ್ಮರೆಯಾಗಿದ್ದವು. 2010 ಮತ್ತು 2012ನೆಯ ವರ್ಷಗಳ ವಸಂತವಂತೂ ಹಿಂದಿನ ದಾಖಲೆಗಳನ್ನೆಲ್ಲ ಮೀರಿ ಮುಂಚಿತವಾಗಿ ಬಂತು.

ಚಿಟ್ಟೆಗಳ ಗತಿ ಏನು? ಥೋರೋ ಚಿಟ್ಟೆಗಳನ್ನು ಹೂಗಳಷ್ಟು ಕ್ರಮವಾಗಿ ಬರೆದಿಡಲಿಲ್ಲ. ಅವನ ಕಾಲದಲ್ಲಿ ಅವನ್ನು ಸುಲಭವಾಗಿ ಗುರುತಿಸಲು ಕೈಪಿಡಿಗಳೇ ಇರಲಿಲ್ಲ. ಆದ್ದರಿಂದ ಪ್ರೈಮ್ಯಾಕನೂ ಅವನ ಸಂಗಡಿಗರೂ ವಸ್ತುಸಂಗ್ರಹಾಲಯಗಳಲ್ಲಿ ತಾರೀಖು ಬರೆದಿಟ್ಟಿದ್ದ ಹಳೆಯ ಚಿಟ್ಟೆಗಳನ್ನೂ ಮಸಾಚುಸೆಟ್ಸಿನ ಚಿಟ್ಟೆಪ್ರಿಯರ ಸಂಘದವರು ಬರೆದಿಟ್ಟ ಟಿಪ್ಪಣಿಗಳನ್ನೂ ಜೊತೆಗೂಡಿಸಿದರು. 1893ರಿಂದ 2009ರವರೆಗಿನ ಈ ಲೆಕ್ಕವನ್ನು 2013ರಲ್ಲಿ ಪ್ರಕಟಿಸಿದರು. ಹತ್ತು ಜಾತಿಯ ಪುಟ್ಟ ಚಿಟ್ಟೆಗಳು ಬೆಚ್ಚಗಿನ ವರ್ಷಗಳಲ್ಲಿ ಮುಂಚಿತವಾಗಿ ಹಾರುತ್ತವೆಂದೂ, ಉಷ್ಣತೆಗೆ ಅವು ಓಗೊಡುವ ಪರಿ ಹೂಗಿಡಗಳಂತೆಯೇ ಇದ್ದು, ಹಕ್ಕಿಗಳಿಗಿಂತ ಚುರುಕಾಗಿದೆಯೆಂದೂ ತಿಳಿದುಬಂತು. ಹೂವೂ ಚಿಟ್ಟೆಯೂ ಮುಂದಕ್ಕೆ ಬಂದು, ದೂರದಿಂದ ಬರುವ ಹಕ್ಕಿ ಹಳೆಯ ದಿನಕ್ಕೇ ಬಂದರೆ, ಮರಿಗಳಿಗೆ ತಿನ್ನಿಸಲು ಹುಳು ಬೇಕಾದ ಹೊತ್ತಿಗೆ ಹುಳುವಿನ ಕಾಲ ಕಳೆದುಹೋಗಿರಬಹುದು. ಅದೇ ಸಂಘದವರು 1992ರಿಂದ 2010ರವರೆಗೆ ಬರೆದಿಟ್ಟ ಟಿಪ್ಪಣಿಗಳನ್ನು ಪರೀಕ್ಷಿಸಿದ ಬೇರೆ ವಿಜ್ಞಾನಿಗಳು, ದಕ್ಷಿಣದ ಚಿಟ್ಟೆಗಳು ಆ ಸಂಸ್ಥಾನದಲ್ಲಿ ಹೆಚ್ಚುತ್ತ, ತಂಪುನಾಡಿನ ಚಿಟ್ಟೆಗಳು ಕಡಮೆಯಾಗುತ್ತ ಬಂದುದನ್ನು ತೋರಿಸಿಕೊಟ್ಟರು. ಆ ಸಂಘದ ಸದಸ್ಯರು ಬಹುಪಾಲು ಸಾಮಾನ್ಯ ಗೃಹಸ್ಥರು. ಬಿಡುವಿನ ದಿನ ಹೋಗಿ ನೋಡಿ, ತಾರೀಖು ಹಾಕಿ ಬರೆದಿಟ್ಟವರು. ಕೆಲಸವಿಲ್ಲದವನ ಕೆಲಸವೆಂದು ಅವರನ್ನೂ ಯಾರಾದರೂ ನಕ್ಕಿರಬಹುದು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಬೇಕು. ಒಂದು ವರ್ಷ ಚಿಟ್ಟೆ ಹತ್ತು ದಿನ ಮೊದಲೇ ಕಂಡಿತೆಂದ ಮಾತ್ರಕ್ಕೆ ಹವೆ ಬದಲಾಯಿತೆಂದು ಕೂಗುವುದು ಸಲ್ಲದು. 1852 ಮತ್ತು 1853ರ ಮಂಜುಗಡ್ಡೆಯ ಲೆಕ್ಕವೇ ನಮಗೆ ಆ ಪಾಠವನ್ನು ಕಲಿಸುತ್ತದೆ. ಒಂದು ನೋಟಕ್ಕೆ ಬೆಲೆ ಬರುವುದು ಅದರ ಹಿಂದುಮುಂದಿನ ನೋಟಗಳಿಂದ. ಥೋರೋವಿನ ಹಿರಿಮೆಯಿರುವುದು ಅವನು ಯಾವುದೋ ಅಪೂರ್ವವಾದ ಚಿಟ್ಟೆಯನ್ನು ಕಂಡುಹಿಡಿದುದರಲ್ಲಿ ಅಲ್ಲ. ಎಲ್ಲರ ಕಣ್ಣಿಗೂ ಬೀಳುವುದನ್ನು ಅದೇ ದಾರಿಯಲ್ಲಿ ವರ್ಷವರ್ಷವೂ ಹೋಗಿ ನೋಡಿ, ಬೇಸರಪಡದೆ ತಾರೀಖು ಹಾಕಿದುದರಲ್ಲಿ. ಅದರ ಉಪಯೋಗವೇನೆಂದು ಅವನನ್ನು ಕೇಳಿದ್ದರೆ, ಈಗ ನಾವು ಕಾಣುತ್ತಿರುವ ಉಪಯೋಗವನ್ನು ಅವನು ಹೇಳಲಾರದವನಾಗಿದ್ದ. ಉಪಯೋಗ ಮೊದಲು ಗೊತ್ತಾದ ಮೇಲೆಯೇ ಬರೆಯತೊಡಗುತ್ತೇನೆ ಎಂದು ಕುಳಿತಿದ್ದರೆ ಇಂದು ಪ್ರೈಮ್ಯಾಕನ ಕೈಗೆ ಏನೂ ಸಿಗುತ್ತಿರಲಿಲ್ಲ. ಎಮರ್ಸನನ ಕೊರಗು ಪ್ರೀತಿಯಿಂದ ಹುಟ್ಟಿದ್ದು, ನಿಜ, ಆದರೆ ಸರಿಯಾದದ್ದಲ್ಲ.

'ವಾಲ್ಡನ್' ಗ್ರಂಥದ ಕೊನೆಯ ಪುಟಗಳಲ್ಲಿ ಥೋರೋ ಒಂದು ಕಥೆಯನ್ನು ಹೇಳಿದ್ದಾನೆ. ಒಬ್ಬ ರೈತನ ಅಡಿಗೆಮನೆಯಲ್ಲಿ ಅರವತ್ತು ವರ್ಷ ನಿಂತಿದ್ದ ಸೇಬಿನ ಮರದ ಹಳೆಯ ಮೇಜಿನೊಳಗಿಂದ, ಒಂದು ದಿನ, ಸುಂದರವಾದ ಕೀಟವೊಂದು ಮರವನ್ನು ಕೊರೆದುಕೊಂಡು ಹೊರಗೆ ಬಂತು. ಮರವು ಹಸುರಾಗಿದ್ದಾಗ ಅದರಲ್ಲಿಟ್ಟಿದ್ದ ಮೊಟ್ಟೆ ಅಷ್ಟು ಕಾಲದ ಮೇಲೆ ಕಾವು ತಗುಲಿ ಮರಿಯಾಗಿತ್ತು. ಥೋರೋವಿನ ತಾರೀಖುಗಳೂ ಹಾಗೆಯೇ. ನೂರೈವತ್ತು ವರ್ಷ ದಿನಚರಿಯ ಹಾಳೆಗಳಲ್ಲಿ ಸದ್ದಿಲ್ಲದೆ ಮಲಗಿದ್ದು, ಲೋಕಕ್ಕೆ ಅವುಗಳ ಅಗತ್ಯ ಬಿದ್ದ ಕಾಲಕ್ಕೆ ರೆಕ್ಕೆ ಬಿಚ್ಚಿ ಹೊರಗೆ ಬಂದವು.